ಇಸ್ತ್ರಿ ಬೋರ್ಡಿಗೆ ಹೊಸ ಕವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕವರ್ ಹರಿಯಿತೆಂದು ಇಸ್ತ್ರಿ ಬೋರ್ಡನ್ನೇ ಮೂಲೆಗೆ ತಳ್ಳುವವರಿದ್ದಾರೆ. ಕಾಲುಗಳು ಗಟ್ಟಿಯಾಗಿದ್ದರೆ ಬೋರ್ಡು ಬಹುಕಾಲ ಬಾಳುತ್ತದೆ, ಸವೆಯುವುದು ಮೇಲಿನ ಬಟ್ಟೆ ಮಾತ್ರ. ಹೊಲಿಗೆ ಬಲ್ಲ ಓದುಗರು ಈ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಳತೆಗಳೆಲ್ಲ ಸೆಂಟಿಮೀಟರಿನಲ್ಲಿವೆ. ಟೇಪಿನಲ್ಲಿ ಇಂಚು ನೋಡುವವರು 2.5 ಸೆಂ.ಮೀ.ಗೆ ಒಂದು ಇಂಚು ಎಂದು ಹಿಡಿದರೆ ಸಾಕು.

ಪ್ರಶ್ನೆ: ನಮ್ಮ ಬೋರ್ಡು 120 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲ ಇದೆ. ಮೇಲ್ಭಾಗ ಕಬ್ಬಿಣದ ಜಾಲರಿ. ಕವರ್ ನಡುವೆ ಸುಟ್ಟು ತೂತಾಗಿದೆ. ದಿಂಬಿನ ಗವಸು, ಪರದೆ ಹೊಲಿಯುವಷ್ಟು ಮಿಷನ್ ಅಭ್ಯಾಸ ನನಗಿದೆ. ಯಾವ ಬಟ್ಟೆ, ಎಷ್ಟು ಬೇಕು, ಅಳತೆ ಹೇಗೆ ತೆಗೆಯಬೇಕು? ದಯವಿಟ್ಟು ಮೊದಲಿನಿಂದ ಹೇಳಿ.

ಉತ್ತರ: ಬಟ್ಟೆಯಿಂದಲೇ ಶುರು ಮಾಡೋಣ. ಕವರ್ ಬೇಗ ಹಾಳಾಯಿತು ಎನ್ನುವ ದೂರುಗಳಲ್ಲಿ ಹೊಲಿಗೆಯ ತಪ್ಪು ಕಡಿಮೆ, ಬಟ್ಟೆಯ ಆಯ್ಕೆಯ ತಪ್ಪೇ ಹೆಚ್ಚು. ಬೇಕಾದ್ದು ಅಪ್ಪಟ ಹತ್ತಿ, ಪಾಲಿಯೆಸ್ಟರ್ ಬೆರಕೆ ಇರಬಾರದು. ಇಸ್ತ್ರಿ ಪೆಟ್ಟಿಗೆಯಲ್ಲಿ ಮೂರು ಚುಕ್ಕೆಯ ಗುರುತಿಗೆ ತಿರುಗಿಸಿದರೆ ಅದರ ಅಡಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎರಡು ಚುಕ್ಕೆಗೆ 150, ಒಂದು ಚುಕ್ಕೆಗೆ 110. ಪಾಲಿಯೆಸ್ಟರ್ ಪೂರ್ತಿ ಕರಗಲು 250 ಡಿಗ್ರಿಯಷ್ಟು ಬೇಕಾದರೂ ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗಿ, ಹೊಳಪೇರಿ, ಸುಕ್ಕುಗಟ್ಟುತ್ತದೆ. ಒಂದು ಅಂಗಿಗೆ ಈ ಬಿಸಿ ತಾಕುವುದು ಕೆಲವು ನಿಮಿಷ. ಅದರ ಅಡಿಯ ಕವರಿಗೆ ಮಾತ್ರ ಪ್ರತಿ ಬಟ್ಟೆಯ ಬಿಸಿಯೂ ತಾಕುತ್ತದೆ.

ದಪ್ಪದ ವಿಚಾರದಲ್ಲಿ ನಡುದಾರಿ ಒಳ್ಳೆಯದು. ಚದರ ಮೀಟರಿಗೆ 180ರಿಂದ 250 ಗ್ರಾಂ ತೂಗುವ ಡ್ರಿಲ್, ಟ್ವಿಲ್ ಅಥವಾ ತೆಳು ಕ್ಯಾನ್ವಾಸ್ ತೆಗೆದುಕೊಳ್ಳಿ. ಪಾಪ್ಲಿನ್ ತೆಳುವಾಯಿತು, ಬೇಗ ಸವೆಯುತ್ತದೆ. ಜೀನ್ಸ್ ಬಟ್ಟೆ ಗಟ್ಟಿಯೇನೋ ಹೌದು, ಆದರೆ ಬೋರ್ಡಿನ ಚೂಪು ತುದಿಯಲ್ಲಿ ಅದು ನೆರಿಗೆ ಕೂರುವುದಿಲ್ಲ. ಲೈಕ್ರಾ ಬೆರೆತು ಹಿಗ್ಗುವ ಬಟ್ಟೆಯಂತೂ ಬೇಡವೇ ಬೇಡ.

ನಿಮ್ಮ ಬೋರ್ಡಿಗೆ 112 ಸೆಂ.ಮೀ. ಪನ್ನದ ಬಟ್ಟೆ ಒಂದೂವರೆ ಮೀಟರ್ ಸಾಕು. ಕವರಿಗೆ ಹೋಗಿ ಪಕ್ಕದಲ್ಲಿ ಉಳಿಯುವ ತುಂಡಿನಲ್ಲೇ ಅಂಚಿನ ಕ್ರಾಸ್ ಪಟ್ಟಿಯೂ ಆಗುತ್ತದೆ. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಒಗೆಯದ ಹತ್ತಿ ಬಟ್ಟೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 138 ಸೆಂ.ಮೀ. ಉದ್ದದ ಕವರಿನಲ್ಲಿ ನೂರಕ್ಕೆ 5 ಎಂದರೆ 7 ಸೆಂ.ಮೀ. ಹೋಯಿತು. ಒಗೆಯದೆ ಹೊಲಿದ ಕವರ್ ಮೊದಲ ಸಲ ಚೆನ್ನಾಗಿಯೇ ಕೂರುತ್ತದೆ, ಒಗೆದ ಮೇಲೆ ಬೋರ್ಡಿಗೆ ಹತ್ತುವುದಿಲ್ಲ.

ಅಳತೆಗೆ ಹಳೆಯ ಕವರನ್ನು ಮಾದರಿ ಮಾಡಿಕೊಳ್ಳಬೇಡಿ. ಅದು ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಕುಗ್ಗಿ ಆಕಾರ ಕಳೆದುಕೊಂಡಿರುತ್ತದೆ. ಹಳೆಯ ಕವರು, ಒಳಗಿನ ಮೆತ್ತೆ ಎರಡನ್ನೂ ತೆಗೆದು, ಕಾಲು ಮಡಚಿ, ಬೋರ್ಡನ್ನು ಬರಿದು ಮಾಡಿ. ಬಟ್ಟೆಯ ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಸುಕ್ಕಿಲ್ಲದೆ ಹರಡಿ, ಬೋರ್ಡನ್ನು ಅದರ ಮೇಲೆ ಬೋರಲು ಇಡಿ. ಬಟ್ಟೆಯ ಹಾಸುನೂಲು, ಅಂದರೆ ಕರೆಯಂಚಿಗೆ ಸಮನಾಗಿ ಓಡುವ ನೂಲು, ಬೋರ್ಡಿನ ಉದ್ದಕ್ಕೆ ಬರಬೇಕು. ಅಡ್ಡಕ್ಕೆ ಓಡುವ ಹೊಕ್ಕುನೂಲಿಗಿಂತ ಹಾಸುನೂಲು ಕಡಿಮೆ ಜಗ್ಗುತ್ತದೆ. ಪೆಟ್ಟಿಗೆ ಓಡಾಡುವುದು ಹೆಚ್ಚಾಗಿ ಉದ್ದಕ್ಕೇ ಆದ್ದರಿಂದ ಆ ದಿಕ್ಕಿನಲ್ಲಿ ಜಗ್ಗದ ನೂಲು ಇದ್ದರೆ ನಡುವೆ ಅಲೆ ಏಳುವುದಿಲ್ಲ.

ಪೆನ್ಸಿಲನ್ನು ನೆಟ್ಟಗೆ ಹಿಡಿದು ಬೋರ್ಡಿನ ಸುತ್ತ ಗೆರೆ ಎಳೆಯಿರಿ. ಆ ಗೆರೆಯಿಂದ ಹೊರಕ್ಕೆ 9 ಸೆಂ.ಮೀ. ದೂರದಲ್ಲಿ, ಒಂದು ಗೇಣಿಗೊಂದರಂತೆ ಚುಕ್ಕೆಗಳನ್ನು ಹಾಕಿ ಸೇರಿಸಿದರೆ ಕತ್ತರಿಸುವ ಗೆರೆ ಸಿಗುತ್ತದೆ. ಈ 9ರ ಲೆಕ್ಕ ಹೀಗೆ: ಮೆತ್ತೆಯ ದಪ್ಪಕ್ಕೆ 1, ಬೋರ್ಡಿನ ಅಂಚಿನ ದಪ್ಪಕ್ಕೆ 2, ಕೆಳಗೆ ಮಡಚಿಕೊಂಡು ಹಿಡಿಯಲು 5, ಹೊಲಿಗೆಗೆ 1. ನಿಮ್ಮ ಬೋರ್ಡಿನ ಅಂಚು 3 ಸೆಂ.ಮೀ. ಇದ್ದರೆ ಒಟ್ಟು 10 ಇಡಿ. ಚೂಪು ತುದಿಯ ಸುತ್ತ ಮಾತ್ರ 7ಕ್ಕೆ ಇಳಿಸಿ; ಕಾರಣ ಮುಂದಿನ ಉತ್ತರದಲ್ಲಿದೆ. ಕೆಳಮಡಿಕೆ 5ಕ್ಕಿಂತ ಬಹಳ ಹೆಚ್ಚಾದರೆ ಕಾಲು ಏರಿಸಿ ಇಳಿಸುವ ಹಿಡಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, 3ಕ್ಕಿಂತ ಕಡಿಮೆಯಾದರೆ ಜಾರಿ ಮೇಲೆ ಬರುತ್ತದೆ.

ಇನ್ನು ಕ್ರಾಸ್ ಪಟ್ಟಿ. ಕವರನ್ನು ಬಿಗಿಯುವ ಲಾಡಿ ಇದರೊಳಗೇ ಓಡುವುದು. 45 ಸೆಂ.ಮೀ. ಚೌಕದ ತುಂಡಿನಿಂದ, ನೂಲಿಗೆ 45 ಡಿಗ್ರಿ ಓರೆಯಾಗಿ 4 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿದರೆ 4 ಮೀಟರಿನಷ್ಟು ಸಿಗುತ್ತದೆ. ಕವರಿನ ಸುತ್ತಳತೆ ಸುಮಾರು 350 ಸೆಂ.ಮೀ. ಬರುವುದರಿಂದ ಅಷ್ಟು ಸಾಕು. ಡ್ರಿಲ್ಲಿಗೆ 14 ನಂಬರಿನ ಸೂಜಿ, ಕ್ಯಾನ್ವಾಸಿಗೆ 16 ನಂಬರು, ಹೊಲಿಗೆಯ ಉದ್ದ 2.5ರಿಂದ 3 ಮಿ.ಮೀ. ಚಪ್ಪಟೆ ತುದಿಯ ನಡುಮಧ್ಯದಿಂದ ಶುರು ಮಾಡಿ. ಪಟ್ಟಿಯ ಮೊದಲ ತುದಿಯನ್ನು 1.5 ಸೆಂ.ಮೀ. ಒಳಕ್ಕೆ ಮಡಚಿ, ಕವರಿನ ಹೊರಮೈಗೆ ಪಟ್ಟಿಯ ಹೊರಮೈ ತಾಗಿಸಿ, ಅಂಚಿನಿಂದ 1 ಸೆಂ.ಮೀ. ಒಳಗೆ ಸುತ್ತಲೂ ಹೊಲಿಯಿರಿ. ಕೊನೆಯ ತುದಿಯನ್ನೂ ಹಾಗೆಯೇ ಮಡಚಿ, ಮೊದಲ ತುದಿಗಿಂತ 2 ಸೆಂ.ಮೀ. ಹಿಂದೆಯೇ ನಿಲ್ಲಿಸಿ. ಆ ಸಂದಿನಲ್ಲೇ ಲಾಡಿ ಹೊರಬರುವುದು. ಎರಡೂ ತುದಿಗಳಲ್ಲಿ ಮೂರು ಸಲ ಹಿಂದೆ ಮುಂದೆ ಹೊಲಿಗೆ ಓಡಿಸಿ. ಲಾಡಿ ಎಳೆದಾಗ ಬಲವೆಲ್ಲ ಬೀಳುವುದು ಅಲ್ಲಿಗೇ. ನಂತರ ಪಟ್ಟಿಯನ್ನು ಪೂರ್ತಿ ಒಳಮೈಗೆ ತಿರುಗಿಸಿ, ಇಸ್ತ್ರಿ ಒತ್ತಿ, ಇನ್ನೊಂದು ಅಂಚನ್ನು 1 ಸೆಂ.ಮೀ. ಒಳಗೆ ಮಡಚಿ ಅದರ ತುದಿಗೆ ಹತ್ತಿರವಾಗಿ ಹೊಲಿದರೆ 2 ಸೆಂ.ಮೀ. ಅಗಲದ ಲಾಡಿ ದಾರಿ ಸಿದ್ಧವಾಗುತ್ತದೆ. ಅದಕ್ಕೆ 4 ಮಿ.ಮೀ. ದಪ್ಪದ ಹೆಣೆದ ಹಗ್ಗ, 4 ಮೀಟರ್. ಸುತ್ತಳತೆಯಷ್ಟೇ ಉದ್ದ ತೆಗೆದುಕೊಂಡರೆ ಬಟ್ಟೆ ಬಿಡಿಸಿದಾಗ ತುದಿಗಳು ಒಳಗೆ ಜಾರಿಹೋಗುತ್ತವೆ. ಸೇಫ್ಟಿ ಪಿನ್ನಿಗೆ ಕಟ್ಟಿ ತೂರಿಸಿ, ಇನ್ನೊಂದು ತುದಿಗೆ ಮೊದಲೇ ದೊಡ್ಡ ಗಂಟು ಹಾಕಿಕೊಳ್ಳಿ.

ಹಾಕುವಾಗ ಮೊದಲು ಚೂಪು ತುದಿಗೆ ತೊಡಿಸಿ, ಬಟ್ಟೆಯನ್ನು ಚಪ್ಪಟೆ ತುದಿಯ ಕಡೆಗೆ ಕೈಯಿಂದ ಸವರಿಕೊಂಡು ಬಂದು, ಲಾಡಿಯ ಎರಡೂ ತುದಿಗಳನ್ನು ಒಟ್ಟಿಗೆ ಎಳೆದು ಬಿಚ್ಚಬಹುದಾದ ಗಂಟು ಹಾಕಿ. ಬೋರ್ಡಿನ ನಡುವೆ ಬಟ್ಟೆಯನ್ನು ಚಿಟಿಕೆಯಲ್ಲಿ ಹಿಡಿದೆತ್ತಿದರೆ ಒಂದು ಸೆಂ.ಮೀ.ಗಿಂತ ಹೆಚ್ಚು ಏಳಬಾರದು. ಮೊದಲ ಸಲ ಆವಿ ಕೊಟ್ಟು ಇಸ್ತ್ರಿ ಮಾಡಿದ ಮೇಲೆ ಮೆತ್ತೆ ಸ್ವಲ್ಪ ಕೂರುತ್ತದೆ, ಆಗ ಲಾಡಿಯನ್ನು ಇನ್ನೊಮ್ಮೆ ಬಿಗಿ ಮಾಡಿ.

ಪ್ರಶ್ನೆ: ಕ್ರಾಸ್ ಪಟ್ಟಿ ಇಲ್ಲದೆ ಅಂಚನ್ನೇ ಎರಡು ಸಲ ಮಡಚಿ ಲಾಡಿ ದಾರಿ ಹೊಲಿದೆ. ನೇರ ಬದಿಗಳಲ್ಲಿ ಚೆನ್ನಾಗಿ ಬಂತು. ಚೂಪು ತುದಿಯಲ್ಲಿ ಮಾತ್ರ ಮಡಿಕೆ ಸೊಟ್ಟಗಾಗಿ, ಲಾಡಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ. ಬಿಚ್ಚಿ ಹೊಲಿಯಲೇ?

ಉತ್ತರ: ಬಿಚ್ಚಿ, ಆದರೆ ಪೂರ್ತಿ ಅಲ್ಲ, ತುದಿಯ ಭಾಗ ಮಾತ್ರ. ಅಲ್ಲಿ ಏನಾಗುತ್ತಿದೆ ಎಂಬುದನ್ನು ಲೆಕ್ಕ ಹಾಕಿದರೆ ತಿಳಿಯುತ್ತದೆ. ತುದಿಯನ್ನು 6 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಂದುಕೊಳ್ಳಿ. ಬೋರ್ಡಿನ ಅಂಚಿನಲ್ಲಿ ಅದರ ಉದ್ದ ಸುಮಾರು 19 ಸೆಂ.ಮೀ. ಅದಕ್ಕೆ 9 ಸೆಂ.ಮೀ. ಬಿಟ್ಟು ಕತ್ತರಿಸಿದಾಗ ಬಟ್ಟೆಯ ತ್ರಿಜ್ಯ 15 ಆಗಿ ಹೊರ ಅಂಚಿನ ಉದ್ದ 47ಕ್ಕೆ ಏರುತ್ತದೆ. ಅಂದರೆ ಒಂದು ಅಂಗೈಯಷ್ಟು ಜಾಗದಲ್ಲಿ 28 ಸೆಂ.ಮೀ. ಹೆಚ್ಚುವರಿ ಬಟ್ಟೆಯನ್ನು ನೆರಿಗೆ ಮಾಡಿ ಅಡಗಿಸಬೇಕು. 7 ಸೆಂ.ಮೀ. ಮಾತ್ರ ಬಿಟ್ಟರೆ ಹೊರ ಅಂಚು 41ಕ್ಕೆ ಇಳಿಯುತ್ತದೆ, 6 ಸೆಂ.ಮೀ. ಬಟ್ಟೆ ಅಲ್ಲಿಗೇ ಕಡಿಮೆಯಾಯಿತು. ತುದಿಯಲ್ಲಿ ಕಡಿಮೆ ಬಿಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಮಡಚಿ ಹೊಲಿಯುವ ವಿಧಾನದಲ್ಲಿ ಉದ್ದವಾದ ಹೊರ ಅಂಚನ್ನು ಗಿಡ್ಡವಾದ ಒಳಗೆರೆಯ ಮೇಲೆ ತಂದು ಕೂರಿಸಬೇಕಾಗುತ್ತದೆ. ಹೆಚ್ಚಾದ ಬಟ್ಟೆ ಎಲ್ಲೋ ಒಂದು ಕಡೆ ಗುಪ್ಪೆಯಾಗಿಯೇ ತೀರುತ್ತದೆ. ಇದು ನಿಮ್ಮ ಕೈಯ ದೋಷವಲ್ಲ. ಓರೆಯಾಗಿ ಕತ್ತರಿಸಿದ ಪಟ್ಟಿಯಾದರೆ ಒಂದು ಅಂಚು ಹಿಗ್ಗಿ ಇನ್ನೊಂದು ಕುಗ್ಗಿ ತಿರುವಿಗೆ ಹೊಂದಿಕೊಳ್ಳುತ್ತದೆ.

ಈಗ ನೀವು ಮಾಡಬಹುದಾದ್ದು: ತುದಿಯ ಸುತ್ತ ಹೊಲಿಗೆ ಬಿಚ್ಚಿ, ಅಂಚಿನಿಂದ 5 ಮಿ.ಮೀ. ಒಳಗೆ, 4ರಿಂದ 5 ಮಿ.ಮೀ. ಉದ್ದದ ಸಡಿಲ ಹೊಲಿಗೆಯ ಒಂದು ಸಾಲು ಓಡಿಸಿ. ಅದರ ಬಾಬಿನ್ ದಾರ ಎಳೆದರೆ ಅಂಚು ತಾನೇ ಒಳಕ್ಕೆ ಬಾಗುತ್ತದೆ. ನೆರಿಗೆಯನ್ನು ಸಮವಾಗಿ ಹಂಚಿ, ಇಸ್ತ್ರಿ ಒತ್ತಿ ಕೂರಿಸಿ, ಮೇಲೆ ಹೊಲಿಯಿರಿ. ಬಟ್ಟೆ ದಪ್ಪವಾಗಿದ್ದು ಇದಕ್ಕೂ ಬಗ್ಗದಿದ್ದರೆ ತುದಿಯ ಭಾಗಕ್ಕಷ್ಟೇ ಕ್ರಾಸ್ ಪಟ್ಟಿ ಕೊಟ್ಟು ಎರಡೂ ಕಡೆ ಹಳೆಯ ದಾರಿಗೆ ಸೇರಿಸಿ. ಸೇರುವ ಜಾಗದಲ್ಲಿ ಹೊಲಿಗೆ ದಾರಿಯನ್ನು ಮುಚ್ಚಿಬಿಡದಂತೆ ನೋಡಿಕೊಳ್ಳಿ. ಹೊರ ಅಂಚಿಗೆ ತ್ರಿಕೋನದ ಕಚ್ಚು ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ಲಾಡಿ ಎಳೆಯುವ ಅಂಚಿನಲ್ಲಿ ಅದು ನಮಗೆ ಒಪ್ಪಿಗೆಯಿಲ್ಲ, ಕಚ್ಚಿನ ಬುಡದಿಂದಲೇ ಬಟ್ಟೆ ಸೀಳುತ್ತದೆ.

ಪ್ರಶ್ನೆ: ಲಾಡಿ ಬದಲು ಎಲಾಸ್ಟಿಕ್ ಹಾಕಿದ್ದೇನೆ. ತುದಿಗಳಲ್ಲಿ ಬಿಗಿ ಇದೆ, ಉದ್ದ ಬದಿಗಳಲ್ಲಿ ಬಟ್ಟೆ ಸಡಿಲವಾಗಿ ಜಾರುತ್ತದೆ. ಇನ್ನೂ ಗಿಡ್ಡ ಎಲಾಸ್ಟಿಕ್ ಹಾಕಿದರೆ ಸರಿಹೋದೀತೇ?

ಉತ್ತರ: ಇಲ್ಲ. ಎಳೆದ ಎಲಾಸ್ಟಿಕ್ ಆಗಲಿ, ಬಿಗಿದ ಲಾಡಿಯಾಗಲಿ, ತಿರುವು ಇರುವಲ್ಲಿ ಮಾತ್ರ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ನೇರ ಬದಿಯಲ್ಲಿ ಅದರ ಎಳೆತವೆಲ್ಲ ಉದ್ದಕ್ಕೇ ಹೋಗುತ್ತದೆ, ಬೋರ್ಡಿನ ನಡುಗೆರೆಯ ಕಡೆಗೆ ಏನೂ ಸಿಗುವುದಿಲ್ಲ. ಎಷ್ಟು ಗಿಡ್ಡ ಮಾಡಿದರೂ ತುದಿಯ ನೆರಿಗೆ ಇನ್ನಷ್ಟು ಗುಂಪಾಗುತ್ತದೆಯೇ ಹೊರತು ಬದಿ ಬಿಗಿಯಾಗುವುದಿಲ್ಲ.

ಬೇಕಾದ್ದು ಅಡ್ಡ ಎಳೆತ. ಬೋರ್ಡಿನ ಕೆಳಗೆ, ಒಂದು ಬದಿಯ ಅಂಚಿನಿಂದ ಇನ್ನೊಂದು ಬದಿಯ ಅಂಚಿಗೆ ಮೂರು ಕಡೆ ಕಟ್ಟು ಕೊಡಿ. ಲಾಡಿ ದಾರಿಯ ಒಳ ಅಂಚಿಗೆ ಎದುರುಬದುರಾಗಿ 25 ಸೆಂ.ಮೀ. ಉದ್ದದ ಹತ್ತಿ ನವಾರಿನ ಪಟ್ಟಿಗಳನ್ನು ಹೊಲಿದು ಎಳೆದು ಕಟ್ಟಿದರಾಯಿತು. ಬೆಡ್‌ಶೀಟ್ ಹಿಡಿಯಲು ಬರುವ ಕ್ಲಿಪ್ಪಿನ ಎಲಾಸ್ಟಿಕ್ ಪಟ್ಟಿಯೂ ಆಗುತ್ತದೆ. ಕಾಲಿನ ಸರಳು ಜಾರುವ ಜಾಗವನ್ನು ತಪ್ಪಿಸಿ ಕಟ್ಟಿ, ಬೋರ್ಡನ್ನು ಒಮ್ಮೆ ಪೂರ್ತಿ ತೆರೆದು ಮಡಚಿ ನೋಡಿ.

ನಮ್ಮನ್ನು ಕೇಳಿದರೆ ಲಾಡಿಯೇ ವಾಸಿ. ಎಲಾಸ್ಟಿಕ್ಕಿನ ಒಳಗಿರುವ ರಬ್ಬರು ಬಿಸಿ, ಆವಿಗಳಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಲಾಡಿಯನ್ನು ಯಾವಾಗ ಬೇಕಾದರೂ ಮತ್ತೆ ಬಿಗಿಯಬಹುದು. ಕವರನ್ನು ಮೇಲಿಂದ ಮೇಲೆ ಬಿಚ್ಚಿ ಒಗೆಯುವವರಿಗೆ ಎಲಾಸ್ಟಿಕ್ ಅನುಕೂಲ, ನಿಜ. ಹಾಗಿದ್ದರೆ 1 ಸೆಂ.ಮೀ. ಅಗಲದ್ದನ್ನು ಸುತ್ತಳತೆಯ ಮೂರರಲ್ಲಿ ಎರಡು ಭಾಗದಷ್ಟು ಉದ್ದ ತೆಗೆದುಕೊಳ್ಳಿ. ಬಟ್ಟೆಯ ಜೊತೆ ಸೇರಿಸಿ ಹೊಲಿಯಬೇಡಿ, ದಾರಿಯೊಳಗೆ ತೂರಿಸಿ. ಸಡಿಲವಾದಾಗ ಬದಲಾಯಿಸಲು ಹೊಲಿಗೆ ಬಿಚ್ಚುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ಹೊಸ ಕವರ್ ಹಾಕಿದ ಮೇಲೆ ಅಂಗಿಗಳ ಮೇಲೆ ಜಾಲರಿಯ ಗುರುತು ಮೂಡುತ್ತಿದೆ. ಒಳಗೆ ಹಳೆಯ ತೆಳು ಸ್ಪಂಜು ಇದೆ. ಮನೆಯಲ್ಲಿರುವ ದಿಂಬಿನ ದಪ್ಪ ಫೋಮ್ ಕತ್ತರಿಸಿ ಹಾಕಲೇ?

ಉತ್ತರ: ದಿಂಬಿನ ಫೋಮ್ ಬೇಡ. ಅದು ಪೆಟ್ಟಿಗೆಯ ಭಾರಕ್ಕೆ ಕುಸಿಯುತ್ತದೆ. ಕುಸಿದ ಜಾಗದಲ್ಲಿ ಪೆಟ್ಟಿಗೆಯ ಅಂಚು ಬಟ್ಟೆಗೆ ಕಚ್ಚಿ ಹೊಸ ಸುಕ್ಕು ಮಾಡುತ್ತದೆ. ಬಿಸಿಗೆ ಫೋಮ್ ಹಳದಿಯಾಗಿ, ಪುಡಿಯಾಗಿ ಜಾಲರಿಯಿಂದ ಕೆಳಗೆ ಉದುರುವುದನ್ನು ನೋಡಿಯೇ ಇರುತ್ತೀರಿ. ನಿಮ್ಮ ಹಳೆಯ ಸ್ಪಂಜು ತೆಳುವಾಗಿರುವುದೂ ಅದರಿಂದಲೇ ಇರಬೇಕು.

ಮೆತ್ತೆ ಒತ್ತಿದಾಗ ತುಸು ಬಗ್ಗಬೇಕು, ಕುಸಿಯಬಾರದು, ಆವಿಯನ್ನು ಕೆಳಕ್ಕೆ ಬಿಡಬೇಕು. ಈ ಮೂರನ್ನೂ ಚೆನ್ನಾಗಿ ಮಾಡುವುದು ಉಣ್ಣೆಯ ಫೆಲ್ಟ್, 5ರಿಂದ 6 ಮಿ.ಮೀ. ದಪ್ಪದ್ದು. ಅದು ಸಿಗದಿದ್ದರೆ ಹಳೆಯ ಉಣ್ಣೆ ಕಂಬಳಿಯ ಎರಡು ಪದರ, ಇಲ್ಲವೇ ರಜಾಯಿಗೆ ಹಾಕುವ ಹತ್ತಿಯ ಹಾಳೆಯ ಎರಡು ಪದರ. ಒತ್ತಿದಾಗ ಒಟ್ಟು 5ರಿಂದ 8 ಮಿ.ಮೀ. ಉಳಿದರೆ ಜಾಲರಿ ಮೂಡುವುದಿಲ್ಲ. ಅದಕ್ಕಿಂತ ದಪ್ಪ ಮಾಡಿದರೆ ಪ್ಯಾಂಟಿನ ಗೆರೆ ಹರಿತವಾಗಿ ಕೂರುವುದಿಲ್ಲ. ಹತ್ತಿಯ ಹಾಗೆಯೇ ಕಾಣುವ ಪಾಲಿಯೆಸ್ಟರ್ ಹಾಳೆಯನ್ನು ಅಪ್ಪಿತಪ್ಪಿಯೂ ತರಬೇಡಿ. ಬಿಸಿಗೆ ಅದು ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.

ಮೆತ್ತೆಯನ್ನು ಬೋರ್ಡಿನ ಗೆರೆಗಿಂತ 1 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಲೋಹದ ಅಂಚಿನ ಮೇಲೆ ಅದು ಬಾಗಿ ಕೂರಲಿ. ಕವರ್ ಮೊದಲು ತೂತಾಗುವುದು ಆ ಅಂಚಿನಲ್ಲೇ. ಎರಡು ತುಂಡು ಜೋಡಿಸಬೇಕಾದರೆ ಒಂದರ ಮೇಲೊಂದು ಹಾಕದೆ ಅಂಚಿಗೆ ಅಂಚು ತಾಗಿಸಿ, ಅಗಲವಾದ ಜಿಗ್‌ಜಾಗ್ ಹೊಲಿಗೆ ಕೊಡಿ, ಇಲ್ಲದಿದ್ದರೆ ಆ ಏಣು ಬಟ್ಟೆಯ ಮೇಲೆ ಮೂಡುತ್ತದೆ. ಮೆತ್ತೆಯನ್ನು ಕವರಿಗೆ ಸೇರಿಸಿ ಹೊಲಿಯಬೇಡಿ. ಕವರ್ ಒಗೆಯಲು ಬೇರೆಯಾಗಿ ಬರಬೇಕು, ಉಣ್ಣೆ ಬಿಸಿನೀರಿಗೆ ಬಿದ್ದರೆ ಕುಗ್ಗಿ ಗಡುಸಾಗುತ್ತದೆ.

ಪ್ರಶ್ನೆ: ಮೆತ್ತೆಯ ಕೆಳಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಾಸಿದರೆ ಬಿಸಿ ವಾಪಸ್ ಬಂದು ಬೇಗ ಇಸ್ತ್ರಿಯಾಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಒಣ ಇಸ್ತ್ರಿಗೆ ಸ್ವಲ್ಪ ಮಟ್ಟಿಗೆ ಹೌದು. ಆವಿಯ ಪೆಟ್ಟಿಗೆ ಬಳಸುವವರು ಹಾಸಬಾರದು. ಜಾಲರಿ ಮಾಡಿರುವುದೇ ಆವಿ ಕೆಳಗೆ ಹೋಗಲೆಂದು. ಹಾಳೆ ಅದನ್ನು ತಡೆದಾಗ ಆವಿ ಅಲ್ಲೇ ನೀರಾಗಿ ಮೆತ್ತೆಗೆ ಇಳಿಯುತ್ತದೆ, ಇಸ್ತ್ರಿ ಆದ ಅಂಗಿಯ ಹಿಂಬದಿ ತಣ್ಣಗೆ ಒದ್ದೆಯಾಗಿರುತ್ತದೆ. ಒದ್ದೆ ಮೆತ್ತೆಯನ್ನು ಹಾಗೆಯೇ ಮಡಚಿಟ್ಟರೆ ಬೂಷ್ಟು. ಬೆಳ್ಳಿ ಬಣ್ಣದ ಲೇಪನವಿರುವ ಕವರ್ ಬಟ್ಟೆಯ ವಿಚಾರವೂ ಹೆಚ್ಚುಕಡಿಮೆ ಹೀಗೆಯೇ. ಅದರ ಮೇಲೆ ರೇಷ್ಮೆ, ನೈಲಾನ್ ಇಸ್ತ್ರಿ ಮಾಡುವಾಗ ಬಿಸಿಯನ್ನು ಎಂದಿಗಿಂತ ತಗ್ಗಿಸಿಕೊಳ್ಳಿ.

ಬೋರ್ಡು ಜಾಲರಿಯದ್ದಲ್ಲದೆ ಮರದ ಹಲಗೆಯದ್ದಾಗಿದ್ದರೆ ಆವಿಗೆ ಮೊದಲೇ ದಾರಿಯಿಲ್ಲ. ಅಲ್ಲಿ ಆವಿ ಕಡಿಮೆ ಬಿಟ್ಟು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದೇ ಸರಿ, ಕೆಲಸ ಮುಗಿದ ಮೇಲೆ ಅರ್ಧ ಗಂಟೆ ತೆರೆದೇ ಇಡಿ.

ಪ್ರಶ್ನೆ: ಹಳೆಯ ಬೆಡ್‌ಶೀಟಿನಿಂದ ಕವರ್ ಹೊಲಿಯಬಹುದೇ? ಅದು ಅಪ್ಪಟ ಹತ್ತಿಯೋ ಬೆರಕೆಯೋ ಗೊತ್ತಿಲ್ಲ.

ಉತ್ತರ: ಅಂಚಿನಿಂದ ನಾಲ್ಕಾರು ನೂಲು ಎಳೆದು ಸುಟ್ಟು ನೋಡಿ. ಹಾಸಿನ ನೂಲು, ಹೊಕ್ಕಿನ ನೂಲು ಎರಡನ್ನೂ ಬೇರೆ ಬೇರೆಯಾಗಿ ಸುಡಬೇಕು, ಕೆಲವು ಬಟ್ಟೆಗಳಲ್ಲಿ ಒಂದು ದಿಕ್ಕಿಗೆ ಮಾತ್ರ ಬೆರಕೆ ಇರುತ್ತದೆ. ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು ಇಟ್ಟುಕೊಂಡು ಬೆಂಕಿ ತಾಗಿಸಿ. ಹತ್ತಿ ಕಾಗದದ ವಾಸನೆ ಕೊಟ್ಟು ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಇದ್ದರೆ ನೂಲು ಬೆಂಕಿಯಿಂದ ಹಿಂದೆ ಸರಿದು ಮುದುಡುತ್ತದೆ, ಕಪ್ಪು ಹೊಗೆ ಬರಬಹುದು, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಆ ಮಣಿ ಬೆರಳಿಗೆ ಸಿಕ್ಕಿತೆಂದರೆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಇಡಿ. ಬಿಸಿಯಿರುವಾಗ ಮುಟ್ಟಬೇಡಿ, ಕರಗಿದ ಹನಿ ಚರ್ಮಕ್ಕೆ ಅಂಟುತ್ತದೆ.

ಹತ್ತಿಯೆಂದು ಖಚಿತವಾದರೆ ಎರಡು ಪದರ ಮಾಡಿ ಹೊಲಿಯಿರಿ. ಹಳೆಯ ಬೆಡ್‌ಶೀಟ್ ಒಂದೇ ಪದರವಾದರೆ ತಡೆಯುವುದಿಲ್ಲ. ಎರಡನ್ನೂ ಒಂದರ ಮೇಲೊಂದು ಹರಡಿ, ಕತ್ತರಿಸುವ ಮೊದಲೇ ಸುತ್ತ ಕಚ್ಚಾ ಹೊಲಿಗೆ ಹಾಕಿಕೊಂಡರೆ ಪದರಗಳು ಸರಿಯುವುದಿಲ್ಲ. ಬೆಡ್‌ಶೀಟಿನ ನಡುಭಾಗ ಸವೆದಿರುತ್ತದೆ, ಕಾಲಿನ ಕಡೆಯ ಅಂಚಿನಿಂದ ಕತ್ತರಿಸಿ. ಹೊಸ ಬಟ್ಟೆಯಂತೆ ಇದನ್ನು ಮತ್ತೆ ಕುಗ್ಗಿಸುವ ಕೆಲಸವಿಲ್ಲ, ಅದೊಂದು ಲಾಭ.

ಪ್ರಶ್ನೆ: ಕಡುಗೆಂಪು ಡ್ರಿಲ್ ಬಟ್ಟೆ ಇದೆ. ಬಣ್ಣ ಬಿಡುವ ಭಯ.

ಉತ್ತರ: ಭಯ ಸರಿಯಾದದ್ದೇ. ಒಗೆಯುವಾಗ ಬಣ್ಣ ಬಿಡದ ಬಟ್ಟೆ ಕೂಡ ಆವಿಯ ಬಿಸಿಯಲ್ಲಿ ಬಿಟ್ಟೀತು. ಬಿಳಿ ಹತ್ತಿ ತುಂಡನ್ನು ಒದ್ದೆ ಮಾಡಿ, ಕೆಂಪು ಬಟ್ಟೆಯ ಮೇಲಿಟ್ಟು, ಮೂರು ಚುಕ್ಕೆಯ ಬಿಸಿಯಲ್ಲಿ 20 ಸೆಕೆಂಡು ಒತ್ತಿ. ನಸುಗೆಂಪು ಹತ್ತಿದರೂ ಕವರಿಗೆ ಬೇಡ. ಮೇಲೆ ಅಂಟಿನಂತೆ ದಪ್ಪಗೆ ಕೂತಿರುವ ಅಚ್ಚಿನ ಚಿತ್ರಗಳಿರುವ ಬಟ್ಟೆಯೂ ಆಗದು. ತಿಳಿಬಣ್ಣದ ನೇಯ್ದ ಚೌಕುಳಿ ಸಿಕ್ಕರೆ ಎರಡು ಪ್ರಯೋಜನ: ಬಣ್ಣದ ಚಿಂತೆ ಕಡಿಮೆ, ಕವರನ್ನು ಬೋರ್ಡಿಗೆ ಓರೆಯಾಗಿ ಎಳೆದು ಕಟ್ಟಿದರೆ ಗೆರೆ ನೋಡಿದ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಹೊಸ ಕವರ್ ಮೇಲೆ ಎರಡು ಬಗೆಯ ಕಲೆ ಕಾಣಿಸುತ್ತಿದೆ. ನಡುವೆ ಹರಡಿದ ಕಂದು ಬಣ್ಣ, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ಎರಡಕ್ಕೂ ಒಂದೇ ಕಾರಣವೇ?

ಉತ್ತರ: ಅಲ್ಲ. ಹರಡಿದ ಕಂದು ಬಣ್ಣ ಹೆಚ್ಚಾಗಿ ಗಂಜಿಯದ್ದು. ಬಟ್ಟೆಗೆ ಹಾಕಿದ ಗಂಜಿ ಸ್ವಲ್ಪ ಸ್ವಲ್ಪವಾಗಿ ಕವರಿಗೂ ಇಳಿದು, ಪ್ರತಿ ಸಲ ಬಿಸಿ ತಾಗಿದಾಗ ಕಂದುತ್ತದೆ. ಕವರನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದರೆ ಬಹುಪಾಲು ಬಿಡುತ್ತದೆ. ಒಗೆಯುವ ಮೊದಲು ಲಾಡಿಯ ಎರಡೂ ತುದಿಗಳನ್ನು ಸೇರಿಸಿ ಗಂಟು ಹಾಕಿ, ಇಲ್ಲವಾದರೆ ಒಳಗೆ ಹೋಗಿಬಿಡುತ್ತದೆ. ಬಿಡದೆ ಉಳಿದದ್ದು ಸುಟ್ಟ ಕಲೆ. ಬಿಳಿ ಬಟ್ಟೆಯಾದರೆ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆಯಿರಿ. ತೆಳು ಕಲೆ ಮಾಸುತ್ತದೆ. ಬಣ್ಣದ ಬಟ್ಟೆಗೆ ಹಚ್ಚಿದರೆ ಬಣ್ಣವೂ ಹೋಗುತ್ತದೆ. ಗಾಢ ಕಂದಿಗೆ ತಿರುಗಿ, ಮುಟ್ಟಿದರೆ ಗಡುಸಾಗಿರುವ ಜಾಗದಲ್ಲಿ ನೂಲೇ ಸುಟ್ಟಿದೆ. ಅದಕ್ಕೆ ಔಷಧ ಇಲ್ಲ. ಜೊತೆಗೆ ಪೆಟ್ಟಿಗೆಯ ಅಡಿಯನ್ನೂ ನೋಡಿ, ಗಂಜಿ ಅಂಟಿ ಕಪ್ಪಾಗಿದ್ದರೆ ಅದನ್ನು ಮೊದಲು ತೆಗೆಯಿರಿ.

ಕಿತ್ತಳೆ ಚುಕ್ಕೆ ತುಕ್ಕು. ಅದು ಮೇಲಿನಿಂದ ಬಂದದ್ದಲ್ಲ, ಜಾಲರಿಯಿಂದ ಮೆತ್ತೆಯನ್ನು ದಾಟಿ ಏರಿ ಬಂದದ್ದು. ನೀವು ಎಷ್ಟು ಒಗೆದರೂ ಮುಂದಿನ ಸಲದ ಆವಿಗೆ ಮತ್ತೆ ಬರುತ್ತದೆ, ಅಷ್ಟೇ ಅಲ್ಲ, ಬಿಳಿ ಅಂಗಿಗೂ ಹತ್ತುತ್ತದೆ. ಕವರ್, ಮೆತ್ತೆ ಎರಡನ್ನೂ ತೆಗೆದು ಜಾಲರಿಯನ್ನು ಎಮರಿ ಕಾಗದದಿಂದ ಹೊಳಪು ಬರುವತನಕ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಮೇಲೆ ಬಿಸಿ ತಡೆಯುವ ಬಗೆಯ ಬಣ್ಣ ಎರಡು ಸಲ ಹಚ್ಚಿ. ತೂತುಗಳು ಮುಚ್ಚದ ಹಾಗೆ ತೆಳುವಾಗಿ ಹಚ್ಚುವುದು ಮುಖ್ಯ. ಡಬ್ಬಿಯ ಮೇಲೆ ಒಣಗಲು ಎಷ್ಟು ಸಮಯ ಬರೆದಿದೆಯೋ ಅಷ್ಟೂ ಕಾಯಿರಿ, ಹಸಿ ಬಣ್ಣದ ಮೇಲೆ ಮೆತ್ತೆ ಹಾಕಿದರೆ ಮೊದಲ ಇಸ್ತ್ರಿಗೇ ಅಂಟಿಕೊಳ್ಳುತ್ತದೆ. ತುಕ್ಕು ಹತ್ತಿದ ಹಳೆಯ ಮೆತ್ತೆಯನ್ನು ಮತ್ತೆ ಬಳಸಬೇಡಿ. ಕವರಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರೆ ಸಾಮಾನ್ಯವಾಗಿ ಹೋಗುತ್ತದೆ. ಕ್ಲೋರಿನ್ ಬ್ಲೀಚ್ ಮಾತ್ರ ಹಾಕಬೇಡಿ, ತುಕ್ಕಿನ ಕಲೆಯನ್ನು ಅದು ಇನ್ನಷ್ಟು ಗಟ್ಟಿ ಮಾಡುತ್ತದೆ.

ಪ್ರಶ್ನೆ: ಮಿಷನ್ ಇಲ್ಲ. ತೋಳು ಇಸ್ತ್ರಿ ಮಾಡುವ ಚಿಕ್ಕ ಬೋರ್ಡಿಗೆ ಕೈಯಲ್ಲೇ ಹೊಲಿಯಬಹುದೇ?

ಉತ್ತರ: ಧಾರಾಳವಾಗಿ. ಚಿಕ್ಕ ಬೋರ್ಡು ಅರ್ಧ ಮೀಟರ್ ಆಸುಪಾಸು ಉದ್ದವಿರುತ್ತದೆ, ಅಷ್ಟಕ್ಕೆ ಕೈಹೊಲಿಗೆ ಹೊರೆಯಲ್ಲ. ಇದಕ್ಕೆ ತೆಳು ಬಟ್ಟೆಯೇ ಮೇಲು, ಏಕೆಂದರೆ ಎರಡೂ ತುದಿ ಕಿರಿದು, ದಪ್ಪ ಡ್ರಿಲ್ ನೆರಿಗೆ ಕೂರದು. ಸುತ್ತಲೂ 5 ಸೆಂ.ಮೀ. ಬಿಟ್ಟು ಕತ್ತರಿಸಿ. ಕ್ರಾಸ್ ಪಟ್ಟಿಯನ್ನು ಕವರಿಗೆ ಸೇರಿಸುವ ಮೊದಲ ಸಾಲು ಜಗ್ಗುವ ಸಾಲಾದ್ದರಿಂದ ಅದಕ್ಕೆ ಓಡು ಹೊಲಿಗೆ ಬೇಡ, ಹಿಂದೊತ್ತು ಹೊಲಿಗೆ ಹಾಕಿ, ಒಂದೊಂದೂ 3 ಮಿ.ಮೀ., ದಾರ ಎರಡೆಳೆ. ಒಳಗೆ ಮಡಚಿದ ಎರಡನೆಯ ಅಂಚಿಗೆ ಹೆಮ್ಮಿಂಗ್ ಸಾಕು. ಲಾಡಿ ಹೊರಬರುವ ಸಂದಿನ ಎರಡೂ ಬದಿಗೆ ಕಾಜಾ ಹೊಲಿಗೆಯಂತೆ ಒತ್ತಾಗಿ ಐದಾರು ಸುತ್ತು ಹಾಕಿ. ತೋಳಿನ ಬೋರ್ಡಿಗೆ ಮೆತ್ತೆ 4 ಮಿ.ಮೀ. ಮೀರಬಾರದು, ಮೀರಿದರೆ ಮಕ್ಕಳ ಅಂಗಿಯ ತೋಳು ಅದರ ಮೇಲೆ ಏರುವುದಿಲ್ಲ.